ಇಪ್ಪತ್ತೊಂದನೆಯ ಪತ್ರಿ

ಮರ್ಯಾದೆ ಎಂಬುದು ಗಾಜಿನ ಲೋಟ, ಒಮ್ಮೆ ಕೈಜಾರಿದರೆ ಮುಗಿಯಿತು ಎಂದು ನಾನು ಐವತ್ತೆಂಟು ವರ್ಷ ನಂಬಿಕೊಂಡು ಬಂದವನು. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ಹನ್ನೊಂದು ವರ್ಷದಿಂದ ನಾನೇ ಸೆಕ್ರೆಟರಿ. ಇದೇನೂ ನನ್ನ ಯೋಗ್ಯತೆಗೆ ಸಂದ ಗೌರವವಲ್ಲ, ಆ ಕೆಲಸ ಬೇರೆ ಯಾರಿಗೂ ಬೇಡ. ಮೇಲಿನವರ ಬಚ್ಚಲು ಕೆಳಗಿನವರ ದೇವರಮನೆಗೆ ಸೋರಿದರೆ ಇಬ್ಬರಿಂದಲೂ ಬೈಸಿಕೊಳ್ಳುವುದಕ್ಕೆ ಒಬ್ಬ ಬೇಕಲ್ಲ, ಅದು ನಾನು. ರೈಲಿನ ಪಾಸ್ ಮುಗಿದದ್ದು ಬೆಳಿಗ್ಗೆ ಗೊತ್ತಾಗಿ, ಟಿಕೆಟಿನ ಸಾಲಿನಲ್ಲಿ ನಿಂತರೆ ತಡವಾಗುತ್ತದೆಂದು ಆಫೀಸಿಗೇ ರಜೆ ಹಾಕಿದವನು ನಾನು. ಈ ಕಥೆ ನಮ್ಮ ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತು, ಮಕ್ಕಳಿಗೆ ನೀತಿಪಾಠದ ಹಾಗೆ ಹೇಳುತ್ತಾರೆ. ಇಂಥ ನಾನು ಹೋದ ವರ್ಷ ನಮ್ಮ ನೆಲಮಹಡಿಯ ಮನೆಯ ಹಿಂದೆ, ತುಳಸಿಗೂ ಚೆಂಡುಹೂವಿಗೂ ನಡುವೆ, ಗಾಂಜಾ ಗಿಡ ಬೆಳೆಸಿದೆ.

ಬೆಳೆಸಿದ್ದು ಅಣ್ಣನಿಗಾಗಿ. ಅಣ್ಣ ಮದುವೆಯಾಗಲಿಲ್ಲ. ಉಡುಪಿ ಕಡೆಯಿಂದ ಬಂದು ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿದ. ನನ್ನನ್ನೂ ಕರೆಸಿಕೊಂಡು, ಕ್ಯಾಂಟೀನಿನ ಅಕ್ಕಿ ಮೂಟೆಗಳ ಮೇಲೆ ಮಲಗಿಸಿ, ಓದಿಸಿ, ಗುಮಾಸ್ತನನ್ನಾಗಿ ಮಾಡಿದ. ಮನುಷ್ಯರನ್ನು ಅವನು ಅಳೆಯುತ್ತಿದ್ದದ್ದು ಊಟದಲ್ಲಿ. ನನ್ನ ಹೆಂಡತಿ ಸುಮತಿಯನ್ನು ನೋಡಲು ಹೋದಾಗ ಅವರ ಮನೆಯಲ್ಲಿ ಆಕೆ ಎರಡನೇ ಸಲ ಸಾರು ಬಡಿಸಿಕೊಂಡದ್ದನ್ನು ಕಂಡು, "ಒಳ್ಳೆ ಹುಡುಗಿ ಮಾರಾಯ, ನಾಚಿಕೆಯಲ್ಲಿ ಉಪವಾಸ ಕೂರುವ ಜಾತಿಯಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ್ದ. ಸಂಬಂಧ ಕುದುರಿದ್ದು ಹಾಗೆ. ಅಂಥವನ ಹೊಟ್ಟೆಯಲ್ಲೇ ಕ್ಯಾನ್ಸರ್ ಬಂತು. ಔಷಧಿ, ರೇಡಿಯೇಷನ್ನಿನ ಕರೆಂಟು ಎಲ್ಲ ಆಗಿ ನಮ್ಮ ಮನೆಗೆ ಬಂದು ಮಲಗಿದಾಗ ಅವನಿಗೆ ಹಸಿವೆಂಬುದೇ ಇರಲಿಲ್ಲ. ಗಂಜಿಯ ಬಟ್ಟಲು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ. "ಬೇಡ ಅಂತ ಅಲ್ಲ ಸುಮತಿ, ಬೇಕು ಅಂತ ಅನ್ನಿಸುವುದಿಲ್ಲ" ಎನ್ನುತ್ತಿದ್ದ.

ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಪಕ್ಕ ಕೂರುತ್ತಿದ್ದವನು ಕಲಬುರಗಿ ಕಡೆಯ ಒಬ್ಬ ಹಮಾಲಿ, ತಾಯಿಯನ್ನು ಕರೆತರುತ್ತಿದ್ದ. ಒಂದು ದಿನ ಸುತ್ತ ನೋಡಿ, "ನಮ್ ಕಡೆ ಭಂಗಿ ಅಂತಾರ್ರೀ. ಎಲಿ ತಿಂದ್ರ ಹಸಿವಾಗ್ತದ. ನಮ್ಮವ್ವ ಎರಡು ರೊಟ್ಟಿ ತಿಂದಾಳ್ರೀ" ಎಂದ. ಮುಂದಿನ ವಾರ ಒಂದು ಕಾಗದದ ಪೊಟ್ಟಣದಲ್ಲಿ ಅದರ ಬೀಜ ಕೊಟ್ಟ. ಅದನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ಬರುವಾಗ ಬೋಗಿಯಲ್ಲಿದ್ದ ಪ್ರತಿಯೊಬ್ಬ ಮೀಸೆಯವನೂ ನನಗೆ ಮಫ್ತಿಯಲ್ಲಿದ್ದ ಪೊಲೀಸನಾಗಿ ಕಂಡ. ದಾದರಿನಲ್ಲಿ ಹತ್ತಿದವನೊಬ್ಬ ಮುಂಬ್ರಾದವರೆಗೂ ನನ್ನನ್ನೇ ನೋಡುತ್ತಿದ್ದ. ಇಳಿಯುವಾಗ, "ಕಾಕಾ, ಶರ್ಟಿನ ಗುಂಡಿ ತಪ್ಪಿ ಹಾಕಿದ್ದೀರಿ" ಎಂದು ಹೇಳಿ ಹೋದ.

ಗಿಡ ಮೊಣಕಾಲೆತ್ತರ ಬರುವಾಗ ಮೇಲಿನ ಮನೆಯ ಕುಲಕರ್ಣಿ ಕಾಕು ಬಾಲ್ಕನಿಯಿಂದ ಬಗ್ಗಿ, "ಸೆಕ್ರೆಟರಿ ಸಾಹೇಬ್, ಇದು ಯಾವ ಗಿಡ ಹೋ?" ಎಂದರು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಇವರಿಗೆ ಎಪ್ಪತ್ತು ವರ್ಷ, ಕಣ್ಣು ಮಾತ್ರ ಹದ್ದಿನದು. ನಾನು ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಅಳತೆ ತಪ್ಪುತ್ತದೆ. ಯಾವುದೋ ಕಳೆ ಎಂದಿದ್ದರೆ ಮುಗಿಯುತ್ತಿತ್ತು. ಕಳೆ ಎಂದರೆ ಯಾರಾದರೂ ಕಿತ್ತಾರು ಎಂಬ ಭಯಕ್ಕೆ, "ದೇವರ ಗಿಡ ಕಾಕು, ನಮ್ಮ ಊರಲ್ಲಿ ಗಣಪತಿಗೆ ಇದೇ ಶ್ರೇಷ್ಠ" ಎಂದೆ. ಅಷ್ಟಕ್ಕೇ ಸುಮ್ಮನಾಗದೆ ಅದಕ್ಕೊಂದು ಅರಿಸಿನದ ದಾರವನ್ನೂ ಕಟ್ಟಿದೆ. ಮಾರನೆಯ ದಿನದಿಂದ ಕಾಕು ಮೇಲಿನಿಂದಲೇ ಅದಕ್ಕೆ ಕೈಮುಗಿಯತೊಡಗಿದರು.

ಸುಮತಿ ಅದರ ಎಲೆಯನ್ನು ಹೇಗೋ ಏನೋ ಮಾಡಿ ಅಣ್ಣನ ಗಂಜಿಗೆ ಸೇರಿಸಿದಳು. ನಾಲ್ಕನೆಯ ದಿನ ಅವನು, "ಉಪ್ಪಿನಕಾಯಿ ಉಂಟಾ?" ಎಂದು ಕೇಳಿದ. ಸುಮತಿ ಅಡುಗೆಮನೆಗೆ ಹೋಗಿ ಅತ್ತಳು. ಅದು ಎಲೆಯ ಗುಣವೋ ನಂಬಿಕೆಯ ಗುಣವೋ, ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಅಣ್ಣ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗಿಡದ ಪಕ್ಕ ಬಂದು ಕೂರತೊಡಗಿದ. ಸಾರಿಗೆ ಇಂಗು ಕಡಿಮೆಯಾಯಿತೆಂದು ಸುಮತಿಯನ್ನು ಬೈದ. ಆ ಬೈಗುಳವನ್ನು ನಾವಿಬ್ಬರೂ ಪ್ರಸಾದದಂತೆ ಸ್ವೀಕರಿಸಿದೆವು. ಹನ್ನೆರಡು ದಿನ ಅವನು ಉಂಡ.

ಹದಿಮೂರನೆಯ ದಿನ ಗಣೇಶ ಚತುರ್ಥಿ. ಇಲ್ಲಿಯ ಪದ್ಧತಿಯಲ್ಲಿ ಗಣಪತಿಗೆ ಇಪ್ಪತ್ತೊಂದು ಬಗೆಯ ಪತ್ರಿ, ಅಂದರೆ ಎಲೆ, ಏರಿಸಬೇಕು. ಪೇಟೆಯ ಕಟ್ಟಿನಲ್ಲಿ ಯಾವಾಗಲೂ ಒಂದೆರಡು ಕಡಿಮೆ. ಬೆಳಿಗ್ಗೆ ಏಳಕ್ಕೆ ಕಾಕು ರೇಷ್ಮೆ ಸೀರೆಯುಟ್ಟು ನಾಲ್ವರು ಹೆಂಗಸರೊಂದಿಗೆ ಹಿತ್ತಲಿಗೆ ಬಂದರು. "ಇಪ್ಪತ್ತೇ ಇದೆ ಹೋ. ಇಪ್ಪತ್ತೊಂದನೆಯದು ನಿಮ್ಮ ಊರಿನದೇ ಆಗಲಿ" ಎಂದು ನನ್ನ ಕೈಗೆ ಹಿತ್ತಾಳೆಯ ತಟ್ಟೆ ಕೊಟ್ಟು ಕೀಳತೊಡಗಿದರು. ಒಂದೊಂದು ಮನೆಯ ಗಣಪತಿಗೆ ಇಪ್ಪತ್ತೊಂದು ಎಲೆ, ಸೊಸೈಟಿಯ ದೊಡ್ಡ ಗಣಪತಿಗೆ ಒಂದು ಹಾರ. "ನಾಲ್ಕು ಎಲೆ ಇರಲಿ" ಎಂದರೆ ಸಾಕಿತ್ತು. ಯಾಕೆ ಎಂದು ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ, ಹನ್ನೊಂದು ವರ್ಷದ ಸೆಕ್ರೆಟರಿ ತಟ್ಟೆ ಹಿಡಿದುಕೊಂಡು ನಿಂತ. ಗಿಡ ಪೊರಕೆಕಡ್ಡಿಯಾಯಿತು. ಅಣ್ಣ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ.

ಸಂಜೆ ಬಂದೋಬಸ್ತಿಗೆ ಬಂದ ಹವಾಲ್ದಾರ ಟೊಪ್ಪಿಗೆ ತೆಗೆದು, ಆ ಹಾರದ ಮುಂದೆ ಕಣ್ಣು ಮುಚ್ಚಿ ನಿಂತ. ನಾನು ಪೆಂಡಾಲಿನ ಕಂಬದ ಹಿಂದೆ ಸರಿದೆ. ಅವನು ಎರಡು ಮೋದಕ ಕೇಳಿ ತೆಗೆದುಕೊಂಡು ಹೋದ. ಮರುದಿನ ಪೆಂಡಾಲಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹಾರಕ್ಕೆ ಕೈಹಾಕಿದೆ. ಹಿಂದಿನಿಂದ ಕಾಕು, "ದೇವರ ಮೇಲಿಂದ ತೆಗೆಯಬಾರದು ಹೋ!" ಎಂದರು. ಹಾರ ಸರಿಮಾಡುತ್ತಿದ್ದವನಂತೆ ನಟಿಸಿ ಮನೆಗೆ ಬಂದೆ. ಅಣ್ಣ ನಕ್ಕ. "ಬಡಿಸಿದ ಎಲೆಯ ಮುಂದಿಂದ ಯಾರನ್ನೂ ಎಬ್ಬಿಸಬಾರದು ಮಾರಾಯ. ಗಣಪತಿಯದ್ದಾದರೂ ಹೊಟ್ಟೆ ಸರಿ ಉಂಟಲ್ಲ, ಅವನು ತಿನ್ನಲಿ." ಆ ದಿನ ಗಂಜಿಯ ಬಟ್ಟಲು ಹಾಗೇ ವಾಪಸು ಬಂತು. ಹಮಾಲಿಯ ಫೋನು ಹತ್ತಲಿಲ್ಲ. "ಗಿಡ ಮತ್ತೆ ಚಿಗುರುತ್ತದೆ ಭಾವ" ಎಂದು ಸುಮತಿ ಸಮಾಧಾನ ಹೇಳಿದಳು. ಚಿಗುರಿತು ಕೂಡ. ಕಾಯುವ ಪುರುಸೊತ್ತು ಅಣ್ಣನಿಗಿರಲಿಲ್ಲ. ನವರಾತ್ರಿ ಮುಗಿಯುವುದರೊಳಗೆ ಹೋಗಿಬಿಟ್ಟ. ಕೊನೆಯ ವಾರ ಅವನ ಬಾಯಿಗೆ ಬಿದ್ದದ್ದು ಚಮಚದಲ್ಲಿ ನೀರು ಮಾತ್ರ. ಸಾವಿರಾರು ಜನರಿಗೆ ಬಡಿಸಿದವನನ್ನು ನಾನು ಉಪವಾಸ ಕಳಿಸಿದೆ.

ಆ ಗಿಡ ಒಣಗುವ ಮೊದಲು ಬೀಜ ಉದುರಿಸಿತ್ತು. ಈ ವರ್ಷ ಮಳೆ ಬಿದ್ದದ್ದೇ ತಡ, ಅಣ್ಣ ಕೂರುತ್ತಿದ್ದ ಕಲ್ಲಿನ ಸುತ್ತ ಏಳು ಗಿಡ ಎದ್ದವು. ಕೀಳಲೆಂದು ಮೂರು ಸಲ ಹೋದೆ, ಕೈ ಬರಲಿಲ್ಲ. ಮೊನ್ನೆ ಚತುರ್ಥಿಯ ಬೆಳಿಗ್ಗೆ ಕಾಕು ಅದೇ ರೇಷ್ಮೆ ಸೀರೆಯಲ್ಲಿ, ಅದೇ ತಟ್ಟೆ ಹಿಡಿದು, ಅದೇ ಹೆಂಗಸರೊಂದಿಗೆ ಬಂದರು. ಏನಾಯಿತೋ, ನನ್ನ ಬಾಯಿ ತಾನಾಗಿ ತೆರೆಯಿತು. "ಕೀಳಬೇಡಿ ಕಾಕು. ಅದು ಗಾಂಜಾ. ಅಣ್ಣನಿಗೆ ಊಟ ಸೇರಲೆಂದು ನಾನೇ ಬೆಳೆಸಿದ್ದೆ."

ಕಾಕು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದರು. "ಕಾಹೀತರೀಚ! ಏನೇನೋ ಹೇಳ್ತೀರಿ! ನೀವು, ಗಾಂಜಾ? ಪಾಸ್ ಮುಗಿದಿದೆ ಅಂತ ಆಫೀಸಿಗೇ ಹೋಗದ ನೀವು?" ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಹಿಂದಿದ್ದ ಹೆಂಗಸರಿಗೂ ಹೇಳಿದರು, ಅವರೂ ನಕ್ಕರು. ನನ್ನ ಮರ್ಯಾದೆ ಗಾಜಿನ ಲೋಟವೇ ಅಲ್ಲ, ಕ್ಯಾಂಟೀನಿನ ಸ್ಟೀಲ್ ಲೋಟ, ಎತ್ತಿ ನೆಲಕ್ಕೆ ಬಡಿದರೂ ಏನೂ ಆಗುವುದಿಲ್ಲ ಎಂದು ಹೋದ ವರ್ಷವೇ ಗೊತ್ತಿದ್ದರೆ ಅಣ್ಣ ಇನ್ನಷ್ಟು ದಿನ ಉಪ್ಪಿನಕಾಯಿ ಕೇಳುತ್ತಿದ್ದನೇನೋ.

"ತಟ್ಟೆ ಸ್ವಲ್ಪ ಹಿಡೀರಿ ಹೋ" ಎಂದರು ಕಾಕು, ಕಣ್ಣೊರೆಸಿಕೊಳ್ಳುತ್ತ. ಹಿಡಿದೆ.