ಓದಿಸದೆ ಬಿಡದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿಯ ಜನ. ಅವರ ಬರಹ ಓದಿದವರು ಒಂದು, ಇನ್ನೂ ಅವರ ಕೈಗೆ ಸಿಕ್ಕದವರು ಇನ್ನೊಂದು. ಈ ಎರಡನೇ ಜಾತಿ ಹೊಸನಗರ ತಾಲ್ಲೂಕಿನಲ್ಲಿ ಬಹುಮಟ್ಟಿಗೆ ನಿರ್ನಾಮವಾಗಿದೆ. ಸಾಗರದಲ್ಲಿ ಅಲ್ಪಸ್ವಲ್ಪ ಉಳಿದುಕೊಂಡಿದೆ. ನಾನು ಸಾಗರದಲ್ಲಿ ಕೆಲಸ ಮಾಡುವವಳಾದ್ದರಿಂದ ಅದನ್ನು ಮುಗಿಸುವ ಹೊಣೆ ನನ್ನದಂತೆ.

ಚಿಕ್ಕಪ್ಪನಿಗೆ ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕನ್ನಡಕದ ಅಂಗಡಿ ಇದೆ. ರಸ್ತೆ ಅಗಲ ಮಾಡುತ್ತೇವೆಂದು ಅಂಗಡಿಯ ಮುಂದೆ ಯಾರೋ ಉದ್ದಕ್ಕೆ ಚರಂಡಿ ತೋಡಿ ಹಾಗೇ ಬಿಟ್ಟು ಹೋದರು. ಕಣ್ಣು ಸರಿ ಇದ್ದವರೇ ದಾಟಲು ಹೆದರುವ ಚರಂಡಿ, ಇನ್ನು ಕಣ್ಣು ಮಂಜಾದವರು ದಾಟಿ ಬರುತ್ತಾರೆಯೇ? ಗಿರಾಕಿ ಇಲ್ಲ. ಸುಮ್ಮನೆ ಕೂತು ಗೊತ್ತಿಲ್ಲದ ಚಿಕ್ಕಪ್ಪ ಮೊಬೈಲಿನಲ್ಲಿ ಬರೆಯತೊಡಗಿದರು. ಬರೆದದ್ದನ್ನು ಹಾಕಲು ಜಾಲತಾಣದಲ್ಲಿ ಪೇಜ್ ಮಾಡಿಕೊಟ್ಟವಳು ನಾನು. ಊರಿಗೆ ಇಷ್ಟು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಆಗ ಗೊತ್ತಿರಲಿಲ್ಲ.

ಮೊದಲ ಬರಹ ಮೇಷ್ಟ್ರೊಬ್ಬರ ಬಗ್ಗೆ. ಕನ್ನಡಕ ಕಳೆದುಹೋಯಿತು ಎಂದು ಬಂದು, ಕಣ್ಣು ಪರೀಕ್ಷೆ ಮಾಡಿಸಿ, ಹೊಸ ಫ್ರೇಮ್ ಆರಿಸುವಾಗ ಕನ್ನಡಿಯಲ್ಲಿ ನೋಡಿಕೊಂಡರೆ ಹಳೆಯದು ನೆತ್ತಿಯ ಮೇಲೇ ಇತ್ತಂತೆ. ನಿಜವಾಗಿಯೂ ಚೆನ್ನಾಗಿತ್ತು. ಲೈಕ್ ಬಿದ್ದದ್ದು ಮಾತ್ರ ಬೆರಳೆಣಿಕೆಯಷ್ಟು. ಅದರಲ್ಲೊಂದು, ಪಕ್ಕದ ಬೇಕರಿಯವನದು, ಅಪ್ಪಿತಪ್ಪಿ ಬಿದ್ದದ್ದು. ಚಿಕ್ಕಪ್ಪ ಅವನಿಗೆ ಫೋನ್ ಮಾಡಿದರು.

"ಲೈಕ್ ಮಾಡಿದ್ಯಲ್ಲ, ಯಾವ ಭಾಗ ಇಷ್ಟ ಆಯ್ತು?"

"ಅಣ್ಣಾ, ಅದು ಬೆರಳು ತಾಗಿದ್ದು."

"ತಾಗಿದ್ದು ತಾಗಿದೆ, ತೆಗೀಬೇಡ. ಈಗ ಓದು. ನಾನು ಲೈನಲ್ಲೇ ಇರ್ತೀನಿ."

ಬೇಕರಿಯವನು ಓದಿದ. ಅಷ್ಟರಲ್ಲಿ ಒಲೆಯಲ್ಲಿದ್ದ ಖಾರಾ ಬನ್ನೆಲ್ಲ ಕಪ್ಪಾಯಿತು. ಹೊಸ ಲೇಖಕರಿಗೆ ಓದುಗರು ಹುಟ್ಟುವುದು ಹೀಗೆ.

ಆಮೇಲೆ ಚಿಕ್ಕಪ್ಪ ಮೊಬೈಲಿನಲ್ಲೇ ಯಾರದೋ ಪಾಠ ನೋಡಿದರು. ಬರೆದು ಕೂತರೆ ಸಾಲದು, ಓದುಗರನ್ನು ಮಾತಿಗೆಳೆಯಬೇಕು, ಪ್ರತಿ ಬರಹದ ಕೊನೆಗೂ ಒಂದು ಪ್ರಶ್ನೆ ಕೇಳಬೇಕು ಎಂದು ಆ ಪುಣ್ಯಾತ್ಮ ಹೇಳಿದ್ದನಂತೆ. ಚಿಕ್ಕಪ್ಪ ಒಂದು ಹಿಡಿದರೆ ಬಿಡುವವರಲ್ಲ. ಅದೇ ವಾರ ಅವರ ಹಳೆಯ ಗೆಳೆಯರೊಬ್ಬರು ತೀರಿಕೊಂಡರು. ಕಣ್ಣಲ್ಲಿ ನೀರು ಬರುವ ಹಾಗೆ ನಾಲ್ಕು ಮಾತು ಬರೆದು, ಕೊನೆಯಲ್ಲಿ ಕೇಳಿದರು: "ನಿಮಗೂ ಹೀಗೆ ಆಗಿದೆಯೇ? ಕಾಮೆಂಟ್‌ನಲ್ಲಿ ತಿಳಿಸಿ."

ತೀರಿಕೊಂಡವರ ಮಗ ಫೋನ್ ಮಾಡಿದ. ಬೈಯುತ್ತಾನೆಂದುಕೊಂಡರೆ, "ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು ಮಾವ" ಎಂದನಂತೆ. ಚಿಕ್ಕಪ್ಪ ಅದನ್ನೂ ಅಭಿಪ್ರಾಯವೆಂದೇ ತೆಗೆದುಕೊಂಡರು.

ಅಷ್ಟರಲ್ಲಿ ಚರಂಡಿಗೆ ಚಪ್ಪಡಿ ಬಿತ್ತು, ಗಿರಾಕಿಗಳು ಮರಳಿ ಬಂದರು. ಹತ್ತಿರದ ದೃಷ್ಟಿ ಪರೀಕ್ಷಿಸಲು ಕೈಯಲ್ಲಿ ಹಿಡಿದು ಓದುವ ಒಂದು ಕಾರ್ಡ್ ಕೊಡುತ್ತಾರಲ್ಲ? ಚಿಕ್ಕಪ್ಪ ಆ ಹಳೆಯ ಕಾರ್ಡನ್ನು ಒಳಗಿಟ್ಟು, ತಮ್ಮದೇ ಬರಹವನ್ನು ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡರು. ಬಂದವರು ಕಣ್ಣಿಗಾಗಿ ಓದಲೇಬೇಕು, ಓದದಿದ್ದರೆ ಕನ್ನಡಕದ ನಂಬರ್ ಸಿಗುವುದಿಲ್ಲ. ಇಂಥ ಓದುಗರು ಯಾವ ಲೇಖಕನಿಗೆ ಸಿಕ್ಕಿದ್ದಾರೆ ಹೇಳಿ?

ಹುಂಚದ ಕಡೆಯಿಂದ ಬಂದಿದ್ದ ಗೌಡರೊಬ್ಬರ ಮೂಗಿನ ಮೇಲೆ ಒಂದರ ಮೇಲೊಂದು ಲೆನ್ಸ್ ಹಾಕುತ್ತಾ ಚಿಕ್ಕಪ್ಪ ಕೇಳಿದರು.

"ಈಗ?"

"ಈಗ ಅಕ್ಷರ ಎಲ್ಲ ಸ್ಪಷ್ಟ."

"ಮತ್ತೆ ಮುಖ ಯಾಕೆ ಹಿಂಗೆ ಮಾಡಿದ್ರಿ?"

"ಅಕ್ಷರ ಕಾಣ್ತದೆ ಮಾರಾಯ, ಅರ್ಥ ಆಗ್ಲಿಲ್ಲ. ಅದಕ್ಕೆ ಇನ್ನೂ ಪವರ್ ಏರಿಸ್ಬೇಕಾ?"

ಬೇರೆ ಲೇಖಕರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಚಿಕ್ಕಪ್ಪ ಆ ಸಂಜೆ ಅಂಗಡಿ ಮುಚ್ಚಿದವರು ಆ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿ ಹೊಸದಾಗಿ ಬರೆದರು. ಅವರ ಹುಚ್ಚಿನಲ್ಲಿ ನನಗೆ ಇಷ್ಟವಾಗುವುದು ಇದೇ.

ಆದರೆ ಚಿಕ್ಕಮ್ಮನಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಏಕೆಂದರೆ ಕಾರ್ಡಿನಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದದ್ದು ಪೇಜಿನಲ್ಲಿ. ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಲು ಬಂದವರೂ ಮೊಬೈಲ್ ತೆಗೆದು ಪೇಜಿಗೆ ಸೇರಿ, ಕಥೆ ಮುಗಿಸಿ, ಬಸ್ಸು ತಪ್ಪಿಸಿಕೊಂಡು ಹೋಗಬೇಕಾಗಿತ್ತು. ನಾನು ಊರಿಗೆ ಹೋದಾಗ ಚಿಕ್ಕಮ್ಮ ಹೇಳಿದರು. "ಈಗ ಜನ ಕಣ್ಣು ಟೆಸ್ಟಿಗೆ ತೀರ್ಥಹಳ್ಳಿಗೆ ಹೋಗ್ತಾ ಇದಾರೆ ಕಣೆ. ಅಲ್ಲಿ ಬರೀ ಅ ಆ ಇ ಈ ಓದಿದ್ರೆ ಸಾಕಂತೆ."

ಇಷ್ಟಾದರೂ ಚಿಕ್ಕಪ್ಪನಿಗೊಂದು ಅನುಮಾನ ಕೊರೆಯುತ್ತಿತ್ತು. ಲೈಕ್ ಮಾಡುವವರೆಲ್ಲ ನಿಜಕ್ಕೂ ಓದುತ್ತಾರೆಯೇ? ಒಂದು ದಿನ ತಮ್ಮ ಅಜ್ಜಿಯ ಬಗ್ಗೆ ಉದ್ದನೆಯ ಬರಹ ಹಾಕಿ, ಮಧ್ಯದಲ್ಲೆಲ್ಲೋ ಒಂದು ಸಾಲು ಸೇರಿಸಿದರು: "ಇಲ್ಲಿಯವರೆಗೆ ಓದಿದವರು ಹಪ್ಪಳ ಎಂದು ಬರೆಯಿರಿ."

ಹೃದಯಗಳು ಬಿದ್ದವು. "ಸೂಪರ್ ಸರ್" ಬಂತು. "ಮನ ಮುಟ್ಟುವ ಬರಹ" ಬಂತು. ಅಜ್ಜಿಯ ಫೋಟೋ ನೋಡಿದ ಒಬ್ಬರು "ಓಂ ಶಾಂತಿ" ಎಂದರು. ಅಜ್ಜಿ ಹೋಗಿ ನಲವತ್ತು ವರ್ಷವಾಗಿತ್ತು. ಹಪ್ಪಳ ಮಾತ್ರ ಬರಲಿಲ್ಲ. ಹೃದಯ ಒತ್ತಿದವರಲ್ಲಿ ಚಿಕ್ಕಮ್ಮನೂ ಇದ್ದರು.

"ಮನೇಲೇ ಹಿಂಗಾದ್ರೆ ಹೆಂಗೆ?" ಎಂದು ಚಿಕ್ಕಪ್ಪ ನೊಂದುಕೊಂಡರು.

"ಬರೆಯೋಕೆ ಮೊದ್ಲೇ ಮೂರು ಸಲ ಬಾಯಲ್ಲಿ ಹೇಳಿರ್ತೀರಿ. ಮತ್ತೆ ಓದೋದು ಯಾಕೆ?" ಎಂದರು ಚಿಕ್ಕಮ್ಮ.

ಮಾರನೇ ದಿನ ಮಧ್ಯಾಹ್ನ ಒಂದು ಕಾಮೆಂಟ್ ಬಂತು. ದಾಸವಾಳದ ಹೂವಿನ ಚಿತ್ರ ಇಟ್ಟುಕೊಂಡಿದ್ದ, ತೀರ್ಥಹಳ್ಳಿಯ ಯಾರೋ ಹೆಂಗಸು. "ಹಪ್ಪಳ. ಆದರೆ ಎರಡನೇ ಪ್ಯಾರಾದಲ್ಲಿ ನಿಮ್ಮ ಅಜ್ಜಿ ಬಾವಿಕಟ್ಟೆ ಮೇಲೆ ಕೂತಿದ್ದರು. ನಾಲ್ಕನೆಯದರಲ್ಲಿ ಒಲೆ ಮುಂದೆ ಇದ್ದಾರೆ. ಯಾವಾಗ ಎದ್ದರು?"

ಚಿಕ್ಕಪ್ಪ ಕೂಡಲೇ ನನಗೆ ಫೋನ್ ಮಾಡಿದರು. "ಅಜ್ಜಿನ ಎಬ್ಬಿಸೋದೇ ಮರ್ತಿದ್ದೆ ಮಾರಾಯ್ತಿ. ಯಾರೋ ಒಬ್ರು ಎಲ್ಲೋ ಕೂತು ನೋಡ್ತಾ ಇದ್ರಲ್ಲ."

ಅಂದಿನಿಂದ ಚಿಕ್ಕಪ್ಪ ಬರೆದದ್ದೆಲ್ಲ ಆ ಒಬ್ಬ ಓದುಗರಿಗಾಗಿ. ದಾಸವಾಳದವರು ಬಿಡುತ್ತಲೂ ಇರಲಿಲ್ಲ. ಬಸ್ಸಿನಲ್ಲಿ ಬಂದವರು ಬೈಕಿನಲ್ಲಿ ಹೇಗೆ ಹೋದರು, ಗಿರಾಕಿ ತಂದ ಛತ್ರಿ ಏನಾಯಿತು ಎಂದು ಕೇಳಿಯೇ ಕೇಳುತ್ತಿದ್ದರು. ಚಿಕ್ಕಪ್ಪ ತಿದ್ದುತ್ತಿದ್ದರು. ಬರಹ ಚೆನ್ನಾಗುತ್ತಾ ಬಂತು. ಗಿರಾಕಿಗಳ ಕೈಗೆ ಹಳೆಯ ಕಾರ್ಡೇ ಮರಳಿ ಬಂತು. ಹಿಡಿದು ಓದಿಸುವ ಹಸಿವು ಚಿಕ್ಕಪ್ಪನಿಗೆ ಆಗಲೇ ಹಿಂಗಿತ್ತು.

ಆಮೇಲೆ ಇದ್ದಕ್ಕಿದ್ದಂತೆ ದಾಸವಾಳದಿಂದ ಸದ್ದಿಲ್ಲ. ಅದೇ ಸಮಯಕ್ಕೆ ಚಿಕ್ಕಪ್ಪ ಬರೆದ ಮಂಗನ ಕಥೆ ಎಲ್ಲೆಲ್ಲೋ ಹಬ್ಬಿತು. ಅಂಗಡಿಯಿಂದ ಕನ್ನಡಕ ಕದ್ದ ಮಂಗವೊಂದು ಬೇಕರಿಯ ಹೆಂಚಿನ ಮಾಡು ಹತ್ತಿ, ಅದನ್ನು ಹಾಕಿಕೊಂಡು ಊರನ್ನೆಲ್ಲ ಒಮ್ಮೆ ನೋಡಿ, ಬೇಜಾರಾಗಿ ಎಸೆದ ಕಥೆ. ಶಿವಮೊಗ್ಗ, ಮೈಸೂರು, ದುಬೈನಿಂದೆಲ್ಲ ಮೆಚ್ಚುಗೆ. ಚಿಕ್ಕಪ್ಪನ ಮುಖದಲ್ಲಿ ಮಾತ್ರ ಗೆಲುವಿಲ್ಲ.

"ಅಷ್ಟು ಜನ ಓದಿದಾರಲ್ಲ ಚಿಕ್ಕಪ್ಪ" ಎಂದೆ.

"ಓದಿದಾರೆ. ಮಂಗ ಎಡಗೈಲಿ ಕಳಚಿದ್ದನ್ನ ಬಲಗೈಲಿ ಎಸೀತದೆ. ಬೇಕು ಅಂತಲೇ ಹಾಗೆ ಬಿಟ್ಟಿದ್ದೆ. ಯಾರೂ ಕೇಳ್ಲಿಲ್ಲ."

ಭಾನುವಾರ ನನ್ನನ್ನು ಹೊರಡಿಸಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದರು. ದಾಸವಾಳದವರ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ. ಮನೆಯ ಮುಂದೆಯೇ ತಮ್ಮದೊಂದು ಬೈಕ್ ಗ್ಯಾರೇಜ್ ಇದೆ ಎಂದು ಆಕೆ ಯಾವಾಗಲೋ ಬರೆದಿದ್ದರು, ಅದೊಂದೇ ಗುರುತು. ಗ್ಯಾರೇಜಿಂದ ಗ್ಯಾರೇಜಿಗೆ ಅಲೆದೆವು. ಕೊನೆಗೊಂದು ಕಡೆ ಕೈತುಂಬ ಗ್ರೀಸ್ ಮೆತ್ತಿಕೊಂಡಿದ್ದ ಯುವಕನೊಬ್ಬ ತಲೆ ಎತ್ತಿದ.

"ಅದು ನನ್ನ ಹೆಂಡ್ತಿ ಅಕೌಂಟು. ಹೆರಿಗೆಗೆ ತವರಿಗೆ ಹೋಗಿದಾಳೆ. ಆದ್ರೆ ಪ್ರಶ್ನೆ ಕೇಳ್ತಿದ್ದಿದ್ದು ಅವ್ಳಲ್ಲ ಸಾರ್, ನಮ್ಮಮ್ಮ. ಇವ್ಳು ಊಟ ಆದ್ಮೇಲೆ ಓದಿ ಹೇಳ್ತಿದ್ಲು, ಅಮ್ಮ ಹೇಳಿದ್ದನ್ನ ಬರೀತಿದ್ಲು. ಅಮ್ಮಂಗೆ ಕಣ್ಣು ಕಾಣಲ್ಲ."

"ನೀವು ಓದಬಹುದಿತ್ತಲ್ಲ?" ಎಂದೆ.

"ಓದ್ದೆ. ಪೂರ್ಣವಿರಾಮ ಎಲ್ಲ ನುಂಗ್ತೀನಿ ಅಂತ ಬೈದು ಎಬ್ಬಿಸಿ ಕಳಿಸಿದ್ರು."

ಒಳಗೆ ಅವನ ಅಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಚಿಕ್ಕಪ್ಪ ಅಂಗಡಿಯ ಅಭ್ಯಾಸದಂತೆ ಬಗ್ಗಿ ಅವರ ಕಣ್ಣನ್ನು ನೋಡಿದರು. ನೋಡಿ, ನಿಧಾನಕ್ಕೆ ನೆಟ್ಟಗಾದರು. ಅದು ಯಾವ ಲೆನ್ಸಿಗೂ ಸರಿಹೋಗುವ ಕಣ್ಣಲ್ಲ.

"ಹೊಸನಗರದ ಕನ್ನಡಕದ ಅಂಗಡಿಯವ್ನು ಅಮ್ಮ" ಎಂದರು.

ಅವರು ದನಿ ಬಂದ ಕಡೆ ಮುಖ ತಿರುಗಿಸಿದರು. "ಅಜ್ಜಿನ ಬಾವಿಕಟ್ಟೆಯಿಂದ ಎಬ್ಬಿಸಿದ್ರಾ?"

"ಎಬ್ಬಿಸ್ದೆ."

"ಮಂಗಂದು ಏನೋ ಬರ್ದಿದೀರಂತೆ. ಗ್ಯಾರೇಜಿಗೆ ಬಂದೋರು ನಗ್ತಿದ್ರು. ಕೂತ್ಕಳಿ, ಓದಿ."

ಚಿಕ್ಕಪ್ಪ ಚಾಪೆಯ ತುದಿಯಲ್ಲಿ ಕೂತು, ಮೊಬೈಲ್ ತೆಗೆದು ಓದತೊಡಗಿದರು. ಮಂಗ ಕನ್ನಡಕ ಎಸೆಯುವಲ್ಲಿಗೆ ಬಂದಾಗ ಆಕೆ ಕೈ ಎತ್ತಿದರು.

"ತಡೀರಿ. ಎಡಗೈಲಿ ಇತ್ತಲ್ಲ?"

ಚಿಕ್ಕಪ್ಪ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅದು ಮುಗಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಆಕೆಯ ಪ್ರಶ್ನೆಗಳು ಮೊದಲು ಬೇಗ ಬೇಗ ಬಂದವು, ಆಮೇಲೆ ಬಿಟ್ಟು ಬಿಟ್ಟು. ಕೊನೆಗೆ ಬರಲಿಲ್ಲ. ನೋಡಿದರೆ ಗೋಡೆಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. "ಓದೋದು ಕೇಳ್ತಾ ಮಲಗಿಯೇ ಅಭ್ಯಾಸ. ಇವ್ಳು ಹೋದ್ಮೇಲೆ ಅಮ್ಮ ಮಧ್ಯಾಹ್ನ ಕಣ್ಣೇ ಮುಚ್ಚಿರ್ಲಿಲ್ಲ."

ನಾನು ಏಳಲು ಹೊರಟೆ. ಚಿಕ್ಕಪ್ಪ ಕೈಯಲ್ಲೇ ಬೇಡವೆಂದರು. ಬಾಯಿ ನಿಲ್ಲಿಸಿದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ದನಿಯನ್ನು ಇನ್ನಷ್ಟು ತಗ್ಗಿಸಿ, ಅದೇ ಲಯದಲ್ಲಿ, ಯಾರೂ ಕೇಳದ ತಮ್ಮ ಬರಹವನ್ನು ಓದುತ್ತಲೇ ಹೋದರು. ಹೊರಗೆ ಮಗ ಒಂದು ಬೈಕನ್ನು ಸ್ಟಾರ್ಟ್ ಮಾಡದೆ ರಸ್ತೆಯವರೆಗೆ ತಳ್ಳಿಕೊಂಡು ಹೋದ. ನಮ್ಮ ಬಸ್ಸಿನ ಹೊತ್ತಾಗಿತ್ತು. ನಾವಿಬ್ಬರೂ ಅದರ ಮಾತೆತ್ತಲಿಲ್ಲ.