ಕದಕ್ಕೆ ತೂಗುಹಾಕಿದ ಬ್ಲಾಗು

ಖಟಾ-ಧಡಕ್, ಖಟಾ-ಧಡಕ್. ಗದಗ ಹೊಸ ಜಿಲ್ಲೆಯಾದ ದಿನಗಳಲ್ಲಿ ಬೆಟಗೇರಿಯ ಆ ಓಣಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುತ್ತಿದ್ದದ್ದು ಈ ಸದ್ದು. ನನ್ನ ತಂಗಿಯ ಯಜಮಾನರ ಪ್ರೆಸ್ಸಿನಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನಿನ ಸದ್ದು. ಅದುವರೆಗೆ ಎಲ್ಲ ಅಂಗಡಿ, ಶಾಲೆ, ಸಂಘಗಳ ಲೆಟರ್‌ಹೆಡ್ಡಿನ ಮೇಲೆ ‘ಜಿಲ್ಲಾ: ಧಾರವಾಡ’ ಎಂದಿತ್ತಲ್ಲ, ಅದೆಲ್ಲ ಒಮ್ಮೆಲೇ ‘ಜಿಲ್ಲಾ: ಗದಗ’ ಆಗಬೇಕಿತ್ತು! ಮುಂಡರಗಿಯಿಂದ, ಶಿರಹಟ್ಟಿಯಿಂದ ಜನ ಬಂದು ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದರು. ನಾನು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಹೋದರೆ, ತಂಗಿ ಚಹಾ ಸೋಸುತ್ತ ಗೋಡೆಯಾಚೆಯ ಆ ಸದ್ದಿಗೆ ತಾಳ ಹಾಕಿದಂತೆ ತಲೆ ಆಡಿಸುತ್ತಿದ್ದಳು. ಈಗ ಆ ಸದ್ದೂ ಇಲ್ಲ, ತಲೆ ಆಡಿಸುವವಳೂ ಇಲ್ಲ. ಕಾನ್ವೆಂಟಿನ ಇಂಗ್ಲಿಷನ್ನೂ ಮೊಣಕಾಲು ನೋವನ್ನೂ ಇಟ್ಟುಕೊಂಡು ನಾನೊಬ್ಬಳು ಉಳಿದಿದ್ದೇನೆ.

ಈ ಯಜಮಾನರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ಲಾಗನ್ನು ಕಳ್ಳರಿಂದ ಕಾಪಾಡುವುದು ಹೇಗೆಂದು ಲೋಕಕ್ಕೆಲ್ಲ ಪಾಠ ಹೇಳಲು ಹೋಗಿ, ಕಳ್ಳನ ಕೈಗೆ ತಾವೇ ಕೀಲಿಕೈ ಕೊಟ್ಟು, ‘ತಪ್ಪಿದ್ದರೆ ತಿದ್ದಿರಿ’ ಎಂದು ಜೊತೆಗೊಂದು ಕೆಂಪು ಪೆನ್ನನ್ನೂ ಇಟ್ಟ ಮನುಷ್ಯ ಜಗತ್ತಿನಲ್ಲಿ ಇವರೊಬ್ಬರೇ! ನಂಬುವುದಿಲ್ಲವೇ? ತಡೆಯಿರಿ.

ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಟ್ರೆಡಲ್ ನಿಂತಿತು. ಪ್ರೆಸ್ಸಿನ ಕೋಣೆಯಲ್ಲಿ ಶಾಯಿಯ ವಾಸನೆ ಮಾತ್ರ ಉಳಿಯಿತು. ಬೇರೆಯವರಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದರೋ ಏನೋ. ಇವರು ಒಂದು ಹಳೆಯ ಕಂಪ್ಯೂಟರ್ ಕೊಂಡು ತಂದು, ಮಷೀನಿದ್ದ ಜಾಗದಲ್ಲೇ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ ಬ್ಲಾಗ್ ಶುರು ಮಾಡಿದರು.

ಬ್ಲಾಗಿನ ಬರಹದಲ್ಲಿ ಬಗೆಗಳಿವೆ ಎಂದು ಎಲ್ಲೋ ಓದಿದ್ದೇ ತಪ್ಪಾಯಿತು. ಪ್ರೆಸ್ಸಿನ ಗೋಡೆಗೆ ಕಟ್ಟಿಗೆಯ ಗೂಡುಗಳಿದ್ದವು: ಮದುವೆ, ಶ್ರದ್ಧಾಂಜಲಿ, ಬಿಲ್ ಬುಕ್, ಹ್ಯಾಂಡ್‌ಬಿಲ್. ಆ ಚೀಟಿಗಳನ್ನು ಕಿತ್ತು ಹೊಸವನ್ನು ಅಂಟಿಸಿದರು: ಸುದ್ದಿ, ವಿಮರ್ಶೆ, ಸಂದರ್ಶನ, ಸ್ವಂತ ಅನುಭವ, ಹೇಳಿಕೊಡುವುದು. ಮನೆಯಲ್ಲಿ ಯಾರು ಬಾಯಿ ತೆರೆದರೂ ಮೊದಲು ಗೂಡು ಗೊತ್ತಾಗಬೇಕು!

“ಹಾಲಿನಂವ ಇವತ್ತೂ ಬಂದಿಲ್ರಿ,” ಎಂದಳು ತಂಗಿ ಒಂದು ಮುಂಜಾನೆ.

“ತಡಿ. ಇದು ಸುದ್ದಿನೋ, ಅನುಭವನೋ?”

“ಇದು ಬೈಗುಳ. ಅದಕ್ಕ ಯಾವ ಗೂಡು ಇಟ್ಟೀರಿ?”

ಅವರು ಗಂಭೀರವಾಗಿ ಗೋಡೆ ನೋಡಿ, “ವಿಮರ್ಶಿ ಒಳಗ ಹಾಕಬಹುದು,” ಎಂದರು.

ವಿಮರ್ಶೆ! ಮುಂಡರಗಿಯ ಬೀಗರು ಊಟಕ್ಕೆ ಕರೆದರು. ಹೋಗಿ, ಉಂಡು, ಬಂದು, ‘ರೊಟ್ಟಿ ಉತ್ತಮ, ಸಾರು ಸಾಧಾರಣ, ಬೀಗರ ಮಾತು ಊಟಕ್ಕಿಂತ ದೀರ್ಘ’ ಎಂದು ಬರೆದರು. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಮತ್ತೊಮ್ಮೆ ನಮ್ಮಿಬ್ಬರನ್ನೂ ಲಕ್ಕುಂಡಿಗೆ ಕರೆದೊಯ್ದು, ಬಾವಿಯ ಮೆಟ್ಟಿಲ ಮೇಲೆ ಕುಳಿತು ಎಮ್ಮೆ ಕಾಯುವ ಮುದುಕಿಯ ಸಂದರ್ಶನ ಮಾಡಿದರು.

“ಈ ಪುರಾತನ ಬಾವಿಯ ಬಗ್ಗೆ ತಮ್ಮ ಅನಿಸಿಕೆ?”

“ಅನಿಸಿಕಿ ಏನ್ ಬಂತೋ ಯಪ್ಪಾ. ಎಮ್ಮಿ ಇಳಿಯಾಕ ಬರಾಂಗಿಲ್ಲ.”

ಅಷ್ಟೇ ಸಂದರ್ಶನ. ಅದನ್ನೂ ಹಾಕಿದರು. ನನ್ನನ್ನು ಕೇಳಿದರೆ ಅವರ ಬ್ಲಾಗಿನ ಬೆಸ್ಟ್ ಪೀಸ್ ಅದೇ.

ಪ್ರೆಸ್ಸಿನ ಒಂದು ರೂಢಿಯನ್ನು ಮಾತ್ರ ಅವರು ಬಿಡಲಿಲ್ಲ. ಬೇರೆಯವರ ಕಣ್ಣು ಬೀಳದೆ ಏನನ್ನೂ ಅಚ್ಚು ಹಾಕಬಾರದು. ಆದ್ದರಿಂದ ಪ್ರತಿ ಲೇಖನವನ್ನೂ ಪ್ರಿಂಟ್ ತೆಗೆದು ಪ್ರೆಸ್ಸಿನ ಕದಕ್ಕೆ ದಾರದಿಂದ ತೂಗುಹಾಕುವರು. ಪಕ್ಕದಲ್ಲೇ ಇನ್ನೊಂದು ದಾರಕ್ಕೆ ಕೆಂಪು ಪೆನ್ನು. ಹೋಗುವವರು ಬರುವವರು ನಿಂತು ಓದಿ ತಿದ್ದಬೇಕು, ಪುರಸೊತ್ತಿಲ್ಲದವರು ಮನೆಗೊಯ್ದು ತಿದ್ದಿ ತರಬೇಕು. ಚುರುಮುರಿ ಅಂಗಡಿಯವನು ಒಯ್ದದ್ದು ತಿರುಗಿ ಬಂದಾಗ ಎಣ್ಣೆಯ ಕಲೆ ಇರುತ್ತಿತ್ತು. ಆದರೆ ತಪ್ಪೊಂದೂ ಉಳಿದಿರುತ್ತಿರಲಿಲ್ಲ!

ಹೀಗೆ ಕದ ತೆರೆದಿಟ್ಟ ಮನುಷ್ಯನಿಗೆ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು, ಎಲ್ಲಿಲ್ಲದ ಸೆಕ್ಯುರಿಟಿ. ಪಾಸ್‌ವರ್ಡ್ ಒತ್ತುವಾಗ ತಂಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು.

“ನಿಮ್ಮ ಪಾಸ್‌ವರ್ಡ್ ತೊಗೊಂಡು ನಾ ಏನ್ ಮಾಡ್ಲಿ? ಸಾರಿಗೆ ಒಗ್ಗರಣಿ ಹಾಕ್ಲಿ?” ಎಂದು ಗೋಡೆಗೇ ಹೇಳುವಳು.

ಓದಿದವರು ಬರೆದ ಕಮೆಂಟೂ ಅವರ ಒಪ್ಪಿಗೆ ಇಲ್ಲದೆ ಕಾಣುವ ಹಾಗಿಲ್ಲ. ಶಿರಹಟ್ಟಿಯ ಯಾರೋ ಒಬ್ಬರು ಪಾಪ, ‘ಚಲೋ ಬರದೀರಿ’ ಎಂದು ಬರೆದರೆ, “ಯಾರಂವ? ಗುರ್ತಿಲ್ಲ, ಪರ್ತಿಲ್ಲ. ಖುದ್ದ ಬಂದು ಭೆಟ್ಟಿ ಆಗ್ಲಿ,” ಎಂದು ಉತ್ತರಿಸಿದರು. ಆ ಪುಣ್ಯಾತ್ಮರು ಬಸ್ ಹತ್ತಿ ಬಂದೇ ಬಿಟ್ಟರು! ಚಹಾ, ಅವಲಕ್ಕಿ ಆಯಿತು. ಊರು, ಮನೆತನ ಎಲ್ಲ ವಿಚಾರಿಸಿ ಆದ ಮೇಲೆ ಅವರೆದುರಿಗೇ ಕಮೆಂಟು ಪಾಸಾಯಿತು.

ನಕ್ಕಿದ್ದು ಇಲ್ಲಿಗೆ ಮುಗಿಯಿತು ಅನ್ನಬೇಕು. ತಂಗಿ ಹಾಸಿಗೆ ಹಿಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಯಜಮಾನರಿಗೆ ಹೇಳಿದೆ. ಮರುದಿನ ಅವರು ಕಂಪ್ಯೂಟರನ್ನು ಎತ್ತಿಕೊಂಡು ಬಂದು ಆಕೆಯ ಮಂಚದ ಪಕ್ಕ ಇಟ್ಟರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು.

“ಸಂದರ್ಶನ,” ಎಂದರು.

“ನಂದಾ? ನಾ ಏನ್ ಲಕ್ಕುಂಡಿ ಬಾವಿ ಏನ್ರಿ?” ಎಂದು ತಂಗಿ ಕೆಮ್ಮುತ್ತ ನಕ್ಕಳು.

ನಾನು ಅವಳ ಕಾಲ ಬಳಿ ಕುಳಿತಿದ್ದೆ. ಅವರು ಬಲು ಶುದ್ಧ ಭಾಷೆಯಲ್ಲಿ ಪ್ರಶ್ನೆ ಕೇಳುವರು, ಆಕೆ ಮನೆಯ ಮಾತಿನಲ್ಲಿ ಉತ್ತರ ಕೊಡುವಳು, ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವರು. ಮಧ್ಯೆ ಆಕೆಗೆ ನಿದ್ದೆ ಬಂದರೆ ಕೀಬೋರ್ಡಿನಿಂದ ಕೈ ಎತ್ತಿ ಕಾಯುವರು. ಹಲವು ದಿನ ಹಿಡಿಯಿತು. ಅದೊಂದನ್ನು ಮಾತ್ರ ಪ್ರಿಂಟ್ ತೆಗೆದು ಕದಕ್ಕೆ ತೂಗುಹಾಕಲಿಲ್ಲ, ನೇರ ಬ್ಲಾಗಿಗೇ ಏರಿಸಿದರು. ಯಾಕೆಂದು ಕೇಳಿದೆ.

“ಅಕಿ ಹೇಳಿದ್ದನ್ನ ತಿದ್ದಾಂವ ಯಾರ್ರೀ ಅಕ್ಕಾರ?” ಎಂದರು.

ನನ್ನ ತಂಗಿ ಹೋದ ಮೇಲೆ ಅವರು ಹೊಸದೇನನ್ನೂ ಬರೆಯಲಿಲ್ಲ. ದಿನಾ ಮುಂಜಾನೆ ಸ್ನಾನ ಮಾಡಿ, ಕಂಪ್ಯೂಟರ್ ತೆರೆದು, ಆ ಒಂದು ಪುಟ ಓದುವರು. ನಾನು ಹೋದಾಗಲೂ ಓದಿ ತೋರಿಸುವರು, ಅವಳ ಉತ್ತರಗಳನ್ನು ಅವಳ ಧಾಟಿಯಲ್ಲೇ. ನನಗೆ ಕೇಳಲು ಆಗುತ್ತಿರಲಿಲ್ಲ, ಎದ್ದು ಹೋಗಲೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹರ್ತಿಯ ಒಬ್ಬ ಮೇಷ್ಟ್ರ ಬ್ಲಾಗನ್ನು ಯಾರೋ ಕದ್ದರು ಎಂಬ ಖಬರು ಬಂತು. ಇವರ ಎದೆ ಒಡೆಯಿತು. ಆ ಪುಟ ಹೋದರೆ? ಹೆದರಿಕೆಗೆ ಅವರಿಗೆ ಗೊತ್ತಿದ್ದ ಔಷಧ ಒಂದೇ, ಬರೆಯುವುದು. ‘ಹೇಳಿಕೊಡುವುದು’ ಎಂಬ ಗೂಡಿಗೆ ಒಂದು ಲೇಖನ ತಯಾರಾಯಿತು. ಪಾಸ್‌ವರ್ಡ್ ಉದ್ದವಿರಲಿ. ಎಲ್ಲ ಕಡೆಗೂ ಒಂದೇ ಬೇಡ. ಗುರುತಿಲ್ಲದ ಲಿಂಕ್ ಒತ್ತಬೇಡಿ. ಫೋನಿಗೆ ಗುಟ್ಟಿನ ನಂಬರು ಬರುವ ಎರಡನೇ ಕೀಲಿ ಹಾಕಿಸಿಕೊಳ್ಳಿ. ಬರೆದದ್ದರ ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಎಲ್ಲ ಸರಿಯೇ! ಕಾನ್ವೆಂಟಿನ ಸಿಸ್ಟರ್‌ಗಳಾಗಿದ್ದರೆ ಗುಡ್ ಎಂದು ಸ್ಟಾರ್ ಹಾಕುತ್ತಿದ್ದರು. ಕೊನೆಯಲ್ಲಿ, ‘ಗಟ್ಟಿ ಪಾಸ್‌ವರ್ಡಿನ ನಮೂನೆ ಕೆಳಗಿದೆ’ ಎಂದು ಬರೆದು ತಮ್ಮದನ್ನೇ ಹಾಕಿದ್ದರು.

ಹೌದು, ತಮ್ಮದನ್ನೇ! ಪ್ರೆಸ್ಸಿನವರಿಗೆ ನಮೂನೆ ಅಂದರೆ ಖರೇ ಮಾಲು. ಮದುವೆ ಕಾರ್ಡಿನ ಆಲ್ಬಮ್ಮಿನಲ್ಲಿ ಅವರು ಅಂಟಿಸಿದ್ದೆಲ್ಲ ನಿಜವಾಗಿ ನಡೆದ ಮದುವೆಗಳ ಕಾರ್ಡುಗಳು. ಇಲ್ಲದ ವರ, ಇಲ್ಲದ ವಧುವಿನ ಹೆಸರು ಹಾಕಿ ನಮೂನೆ ತೋರಿಸುವುದು ಅವರ ಪ್ರಕಾರ ಗಿರಾಕಿಗೆ ಮಾಡುವ ಮೋಸ.

ಲೇಖನ ಕದಕ್ಕೆ ತೂಗಿತು. ಓಣಿಯೆಲ್ಲ ಓದಿ ತಿದ್ದಿತು. ಯಾರಿಗೂ ಅನುಮಾನ ಬರಲಿಲ್ಲ. ತಿದ್ದಿದ್ದನ್ನು ಬ್ಲಾಗಿಗೆ ಏರಿಸಿದರು. ನಾನು ಹೋಗಿ ನೋಡಿದಾಗ ಆ ನಮೂನೆಯಲ್ಲಿ ನನ್ನ ತವರಿನ ಹೆಸರು ಕಂಡಿತು. ಅಂಕಿಗಳ ನಡುವೆ ನನ್ನ ತಂಗಿಯ ಮದುವೆಗೆ ಮುಂಚಿನ ಹೆಸರು.

“ಇದು ನಿಮ್ಮ ಖರೇ ಪಾಸ್‌ವರ್ಡ್ ಏನ್ರಿ? ಮೈ ಗಾಡ್! ಕದಕ್ಕ ಹಾಕೀರಲ್ಲಾ!”

“ಬೆಟಗೇರಿ ಕಳ್ಳರೆಲ್ಲಾ ನನಗ ಗುರ್ತು ರೀ ಅಕ್ಕಾರ. ಅವರ ಮದುವಿ ಕಾರ್ಡ್ ನಾನ ಹಾಕೀನಿ.”

“ಬ್ಲಾಗಿನಾಗೂ ಹಾಕೀರಲ್ಲಾ. ಅಲ್ಲಿ ಬರೋ ಕಳ್ಳರು ಗುರ್ತದಾರ?”

ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಅಲ್ಲೇ ಇಟ್ಟರು. ಎದ್ದು ಕಂಪ್ಯೂಟರಿನ ಕಡೆಗೆ ಓಡಿದರು. ಅಷ್ಟರಲ್ಲಿ ಒಳಗೆ ಬೇರೆ ಯಾರೋ ಸೇರಿ, ಪಾಸ್‌ವರ್ಡ್ ಬದಲಿಸಿ ಆಗಿತ್ತು. ಎರಡನೇ ಕೀಲಿ, ನಕಲು? “ಲೇಖನ ಮುಗಿದ ಮ್ಯಾಲೆ ಮಾಡಬೇಕು ಅಂತಿದ್ದೆ,” ಎಂದರು. ಲಕ್ಕುಂಡಿಯ ಮುದುಕಿ ಇದ್ದಲ್ಲಿ ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು ಬಂತು. ಕೆಲವು ದಿನಗಳಲ್ಲಿ ಅದೂ ಹೋಗಿ, ವಿಳಾಸ ಒತ್ತಿದರೆ ಬಿಳಿ ಪುಟ. ಯಾರ್ಯಾರಿಗೋ ಬರೆದರು, ಅಡ್ಡಾಡಿದರು. ಏನೂ ಆಗಲಿಲ್ಲ.

ಆದರೆ ಓಣಿ ಸುಮ್ಮನಿರಲಿಲ್ಲ. ತಿದ್ದಲು ಒಯ್ದು ಮನೆಯಲ್ಲೇ ಮರೆತ ಹಾಳೆಗಳು ಒಂದೊಂದಾಗಿ ಬಂದವು. ಎಣ್ಣೆಯ ಕಲೆ, ಕೆಂಪು ಗೀಟು ಸಮೇತ ಮುಂಡರಗಿ ಬೀಗರ ಸಾರು ಬಂತು, ಲಕ್ಕುಂಡಿ ಬಾವಿ ಬಂತು. ಹೆಚ್ಚು ಕಡಿಮೆ ಎಲ್ಲವೂ ಬಂದವು. ಬಾರದೆ ಉಳಿದದ್ದು ಕದಕ್ಕೆ ತೂಗದ ಆ ಒಂದೇ.

ಆಮೇಲೆ ಒಂದು ಮಧ್ಯಾಹ್ನ ಹೋದೆ. ಗೂಡುಗಳ ಕೆಳಗೆ ಕುಳಿತಿದ್ದರು. ಗಡ್ಡ ಬಂದಿತ್ತು. ಒಲೆ ಹೊತ್ತಿದ ಲಕ್ಷಣ ಇರಲಿಲ್ಲ. ನನ್ನನ್ನು ಕಂಡು ಕುರ್ಚಿ ಎಳೆದು ಹಾಕಿದರು.

“ಕುಂಡ್ರಿ ಅಕ್ಕಾರ. ಪ್ರಶ್ನಿ ಎಲ್ಲಾ ನನಗ ನೆನಪದಾವ. ಉತ್ತರ ನೆನಪಾಗವಲ್ವು. ದಿನಾ ಓದ್ತಿದ್ದೆ ನೋಡ್ರಿ, ಆದ್ರೂ ಅಕಿ ಹ್ಯಾಂಗ ಅಂದ್ಲು ಅಂತ… ನೀವು ಅಲ್ಲೇ ಇದ್ರಿ. ಅಕಿ ಬದಲಿ ನೀವು ಹೇಳ್ರಿ.”

ಹಾಳೆ ತೆಗೆದರು. ಕೂದಲನ್ನು ಅಂಗೈಯಿಂದ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

“ತಮ್ಮ ಮದುವೆಯ ಮೊದಲ ನೆನಪು?”

“ನಿಮ್ಮ ಕೈಯಾಗಿನ ಶಾಯಿ,” ಎಂದೆ. ಅದು ತಂಗಿಯ ದನಿಯಲ್ಲೇ ಬಂತು, ಹೇಗೋ. “ಅರಿಷಿಣ ಹಚ್ಚಾಕ ಬಂದ್ರಿ, ನನ್ನ ಗಲ್ಲ ಕರ್ರಗಾತು.”

ಬರೆದುಕೊಂಡರು. ಪ್ರೆಸ್ಸಿನ ಬಗ್ಗೆ ಕೇಳಿದರು. “ಸದ್ದು ನಿಂತ ದಿನ ನಿದ್ದಿ ಬರ್ಲಿಲ್ಲ,” ಎಂದೆ. ಗಂಡನ ಬಗ್ಗೆ ದೂರುಗಳೇನಾದರೂ? “ಬರಕೊಳ್ರಿ, ಹಾಳಿ ಸಾಲಾಂಗಿಲ್ಲ.” ಅದಕ್ಕೆ ಅಂದು ಮಂಚದ ಬಳಿ ನಕ್ಕಂತೆಯೇ ನಕ್ಕರು. ಕೊನೆಯ ಪ್ರಶ್ನೆಗೆ ಬಂದರು.

“ಓದುಗರಿಗೆ ತಮ್ಮ ಸಂದೇಶ?”

“ನನ್ನ ಓದುಗರು ಅಂದ್ರ ನೀವೊಬ್ರ. ಹೊತ್ತಿಗೆ ಸರಿ ಉಣ್ರಿ.”

ಅವರು ಅದನ್ನು ಬರೆದು, ಕೆಳಗೊಂದು ಗೆರೆ ಎಳೆದು, ಎದ್ದು ಹೋಗಿ ಕದಕ್ಕೆ ತೂಗುಹಾಕಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ. ಹಾಳೆ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಅವರು ಪಕ್ಕದ ದಾರದಿಂದ ಕೆಂಪು ಪೆನ್ನನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.