ಓಟ ಮುಗಿದ ಮೇಲಿನ ವಾರ್ಮಪ್

ಓಡುವ ಮೊದಲು ತೊಡೆಗೆ ಪಟ್ಟಿ ಬಿಗಿದು, ರಕ್ತದ ಹರಿವನ್ನು ತುಸು ತಡೆದು ವಾರ್ಮಪ್ ಮಾಡಿದರೆ ವೇಗ ಹೆಚ್ಚುತ್ತದೆಂದು ಕ್ರೀಡಾ ಇಲಾಖೆ ತೀರ್ಮಾನಿಸಿತು. ತೀರ್ಮಾನಿಸಿದ ನಿರ್ದೇಶಕರು ಮೆಟ್ಟಿಲನ್ನೂ ಹತ್ತುವವರಲ್ಲ. ಆದ್ದರಿಂದ ಪರೀಕ್ಷಿಸುವ ಭಾಗ್ಯ ಓಟಗಾರ್ತಿಯರ ಪಾಲಿಗೆ ಬಂತು.

ಪರೀಕ್ಷೆಯ ದಿನವೇ ತಂಡದ ಆಯ್ಕೆ. ಗೆದ್ದ ಒಬ್ಬಳಿಗೆ ಮಾತ್ರ ಜಾಗ. ವಯಸ್ಸಿನ ಮಿತಿಯ ಪ್ರಕಾರ ನಮ್ಮಕ್ಕನಿಗೆ ಅದೇ ಕೊನೇ ಅವಕಾಶ. ತಪ್ಪಿದರೆ ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಅಳತೆಕೋಲು ಹಿಡಿದು ನಿಲ್ಲುವುದು ಗ್ಯಾರಂಟಿ.

ಪಟ್ಟಿಗಳು ಎಲ್ಲರಿಗೂ ಸಾಕಾಗುವಷ್ಟು ಬಂದಿದ್ದವು. ಆದರೆ ಆಟಗಾರರಿಗೆಂದು ಬಂದ ಶೂಗಳು ನಿರ್ದೇಶಕರ ಕಾರಿನ ಡಿಕ್ಕಿಯಲ್ಲಿ ಹಿಡಿಸದೆ, ಮುಚ್ಚಳವನ್ನು ಒಂದು ಜೊತೆ ಪಟ್ಟಿಯಿಂದ ಕಟ್ಟಬೇಕಾಯಿತು. ಪಟ್ಟಿಯ ಗುಣಮಟ್ಟ ಅಲ್ಲೇ ಸಾಬೀತಾಯಿತು.

ಸಾಲಿನ ಕೊನೆಯಲ್ಲಿದ್ದ ಅಕ್ಕ, "ನಂಗೆ ಸರ್?" ಅಂದಳು.

"ಖಾಲಿ ಕಣಮ್ಮ," ಅಂದರು ಕೋಚ್. "ಹಾಗೇ ಓಡು. ನಿನ್ನ ಹಣೇಲಿ ಬರ್ದಿಲ್ಲ, ಏನ್ಮಾಡೋಕಾಗುತ್ತೆ?"

ನಿಯಮದ ಪ್ರಕಾರ, ನಿರ್ದೇಶಕರ ಭಾಷಣ ಮುಗಿಯುವ ತನಕ ಪಟ್ಟಿ ಬಿಚ್ಚತಕ್ಕದ್ದಲ್ಲ. ಭಾಷಣದ ವಿಷಯ, ಸರಾಗ ರಕ್ತಸಂಚಾರದ ಮಹತ್ವ. ಶುರುವಾದಾಗ ಧ್ವಜಕಂಬದ ನೆರಳು ಪಶ್ಚಿಮಕ್ಕಿತ್ತು, ಮುಗಿದಾಗ ಪೂರ್ವಕ್ಕೆ ತಿರುಗಿತ್ತು.

"ಸರ್, ಕಾಲು ಜೋಮು ಹಿಡಿದಿದೆ," ಎಂದು ಒಬ್ಬಳು ನರಳಿದಳು.

"ಹಿಡೀಲಿ ಬಿಡಮ್ಮ, ವಿಜ್ಞಾನ ಕೆಲಸ ಮಾಡ್ತಿದೆ," ಅಂದರು ಕೋಚ್.

ಪಟ್ಟಿ ಬಿಚ್ಚಿದ ಕೂಡಲೇ ಸೀಟಿ ಊದಲಾಯಿತು. ಅಕ್ಕ ಬಾಣದ ಹಾಗೆ ಹೋದಳು. ಉಳಿದವರು ನಾಲ್ಕು ಹೆಜ್ಜೆ ಹಾಕಿ, ಹರಟೆಗೆ ಕೂತವರಂತೆ ಟ್ರ್ಯಾಕಿನ ಮೇಲೇ ಕೂತು ಕಾಲು ತಿಕ್ಕಿಕೊಂಡರು.

ನಿರ್ದೇಶಕರ ಮುಖ ಕಪ್ಪಿಟ್ಟಿತು. "ಪಟ್ಟಿ ಇಲ್ದೆ ಗೆದ್ರೆ, ಪಟ್ಟಿ ಯಾಕ್ರೀ ತಂದ್ರಿ ಅಂತ ಮೇಲಿನವ್ರು ನನ್ನ ಕೇಳಲ್ವಾ? ಈ ಗೆಲುವು ಅಸಿಂಧು!"

ಅಕ್ಕನ ಕಣ್ಣು ತುಂಬಿತು. ನನ್ನ ಪಕ್ಕದಲ್ಲಿ ಕೂತು ಓಟ ನೋಡುತ್ತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. "ಅಷ್ಟೇ ತಾನೆ ಸ್ವಾಮಿ? ಈಗ ಕಟ್ಟಿ. ಗೆದ್ದ ಕಾಲು ಎಲ್ಲೂ ಓಡಿಹೋಗಿಲ್ಲ, ಇಲ್ಲೇ ಇದೆ."

ತಕ್ಷಣ ತಜ್ಞರ ಸಮಿತಿಯ ಸಭೆ ಕರೆಯಲಾಯಿತು. ಸಮಿತಿಯಲ್ಲಿ ನಿರ್ದೇಶಕರೊಬ್ಬರೇ ಇದ್ದುದರಿಂದ ಒಮ್ಮತಕ್ಕೆ ತಡವಾಗಲಿಲ್ಲ. ಅಕ್ಕನ ತೊಡೆಗೆ ಪಟ್ಟಿ ಬಿಗಿದು, ನಿಂತಲ್ಲೇ ಕುಣಿಸಿ, ಫೋಟೋ ತೆಗೆದು, ಮೈಕಿನಲ್ಲಿ ಪ್ರಕಟಿಸಲಾಯಿತು:

"ಪಟ್ಟಿಯ ಪ್ರಭಾವದಿಂದ ಅಭೂತಪೂರ್ವ ಫಲಿತಾಂಶ ಬಂದಿದೆ. ಇನ್ನು ಮುಂದೆ ಗೆದ್ದವರು ಓಟದ ನಂತರ ಕಡ್ಡಾಯವಾಗಿ ವಾರ್ಮಪ್ ಮಾಡತಕ್ಕದ್ದು. ಸೋತವರಿಗೆ ಈ ಸೌಲಭ್ಯವಿರುವುದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತಿದ್ದವರು ಕೂತೇ ತಟ್ಟಿದರು.

"ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಇದನ್ನೇ ಕಣೋ," ಅಂತ ಅಮ್ಮ ನನ್ನ ಕಿವಿಯಲ್ಲಿ ಗೊಣಗಿ, ತಾನೂ ಜೋರಾಗಿ ಚಪ್ಪಾಳೆ ಹೊಡೆದಳು. ಮಗಳು ಆಯ್ಕೆಯಾಗಿದ್ದಳಲ್ಲ.

ಈಗ ಪದ್ಧತಿ ಎಲ್ಲರಿಗೂ ಒಗ್ಗಿದೆ. ಮೊನ್ನೆ ಸೋತ ಹುಡುಗಿಯೊಬ್ಬಳು ಮೈದಾನದ ಮೂಲೆಯಲ್ಲಿ ಬಿಕ್ಕುತ್ತಿದ್ದಳು. ಕೋಚ್ ತಲೆ ಸವರಿ, "ಯಾಕಮ್ಮ, ಚೆನ್ನಾಗೇ ಓಡಿದ್ಯಲ್ಲ?" ಎಂದರು.

"ಓಟದ್ದು ಹಾಳಾಗ್ಲಿ ಸರ್," ಅಂದಳು ಆಕೆ. "ಈ ವರ್ಷವೂ ವಾರ್ಮಪ್ಪಿಗೆ ಆಯ್ಕೆ ಆಗ್ಲಿಲ್ವಲ್ಲ!"